ಬಾರದವರ ಗೋಡೆ

ಚಾಮರಾಜಪೇಟೆಯ ಆ ಮನೆಯ ನಡುಮನೆಯಲ್ಲಿ ಬಾರದವರೆಲ್ಲ ಒಟ್ಟಿಗೆ ಇದ್ದರು. ಒಬ್ಬ ಪ್ರಧಾನಮಂತ್ರಿ ಇದ್ದರು, ಒಬ್ಬರಿಗಿಂತ ಹೆಚ್ಚು ರಾಷ್ಟ್ರಪತಿಗಳಿದ್ದರು, ಅರಸರ ಕಾಲದ ದಿವಾನರೊಬ್ಬರಿದ್ದರು, ವಿಧಾನಸೌಧ ಏಳುವುದಕ್ಕೆ ಮೊದಲಿನ ಮತ್ತು ಎದ್ದ ಮೇಲಿನ ಮುಖ್ಯಮಂತ್ರಿಗಳಿದ್ದರು. ಎಲ್ಲರೂ ತೇಗದ ಚೌಕಟ್ಟಿನೊಳಗೆ, ಗಾಜಿನ ಹಿಂದೆ, ತಮ್ಮ ತಮ್ಮ ಸಹಿಯೊಂದಿಗೆ, ಯಾವುದೋ ಕಾಲದ ಯಾರದೋ ಮದುವೆಗೆ ತಾವು ಬರಲಾಗದಿದ್ದುದಕ್ಕಾಗಿ ವಿಷಾದಿಸುತ್ತ ತೂಗಾಡುತ್ತಿದ್ದರು.

ಅವರ ಹೆಸರುಗಳನ್ನು ಇಲ್ಲಿ ನಮೂದಿಸುವುದಿಲ್ಲ. ಅವರು ದೇಶ ಕಟ್ಟುವ ಕೆಲಸದಲ್ಲಿದ್ದವರು. ಬಸವನಗುಡಿಯ ಯಾರದೋ ಎರಡನೆಯ ಮಗಳ ಧಾರೆಗೆ ಬರಲಿಲ್ಲವೆಂದು ಇಷ್ಟು ಕಾಲದ ಮೇಲೆ ಅವರನ್ನು ಆಕ್ಷೇಪಿಸಿದಂತೆ ಆಗಬಾರದು.

ಗೋಡೆಯ ಒಡೆಯರನ್ನು ಎಲ್ಲರೂ ಯಜಮಾನರೆಂದು ಕರೆಯುತ್ತಿದ್ದರು. ಅಕ್ಕಿಪೇಟೆಯಲ್ಲಿ ಅವರ ತಂದೆಯ ಕಾಲದಿಂದ ನಡೆದುಬಂದ ಅಕ್ಕಿ ಮಂಡಿಯಿತ್ತು. ಆ ಮಂಡಿಯಿಂದ ಎದ್ದ ಕಟ್ಟಡಗಳು ಊರಿನ ಹಲವು ಬಡಾವಣೆಗಳಲ್ಲಿದ್ದವು. ತಮ್ಮದು ನೇಗಿಲು ಹಿಡಿದ ಮನೆತನವೆಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಹೆಚ್ಚಾಗಿ ಚುನಾವಣೆಯ ಸಮಯದಲ್ಲಿ. ಕಳೆದ ವರ್ಷ ಅವರು ತೀರಿಕೊಂಡರು. ತೀರಿಕೊಂಡವರನ್ನು ಕುರಿತು ಅವರಿಗೆ ಪ್ರಿಯವಾಗುವಂತೆ ಬರೆಯಬೇಕೆಂಬ ಶಿಷ್ಟಾಚಾರ ನನಗೆ ತಿಳಿದಿದೆ. ಆದ್ದರಿಂದ ಅವರಿಗೆ ಹೆಂಡತಿ ಮಕ್ಕಳಿಗಿಂತಲೂ ಪ್ರಿಯವಾಗಿದ್ದ ಆ ಗೋಡೆಯನ್ನು ಕುರಿತೇ ಬರೆಯುತ್ತಿದ್ದೇನೆ.

ಈಗಿನವರಿಗೆ ಆ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕಾದೀತು. ಹಿಂದೆ ಈ ಪೇಟೆಗಳ ಅನುಕೂಲಸ್ಥರ ಮನೆಗಳಲ್ಲಿ ಲಗ್ನಪತ್ರಿಕೆ ಅಚ್ಚಾಗಿ ಬಂದರೆ ಮೊದಲನೆಯದನ್ನು ದೇವರ ಮುಂದೆ ಇಡುತ್ತಿದ್ದರು, ಎರಡನೆಯದನ್ನು ದೆಹಲಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸುತ್ತಿದ್ದರು. ದೇವರೂ ಬರುತ್ತಿರಲಿಲ್ಲ, ದೆಹಲಿಯವರೂ ಬರುತ್ತಿರಲಿಲ್ಲ. ಆದರೆ ದೆಹಲಿಯಿಂದ ಉತ್ತರ ಬರುತ್ತಿತ್ತು. ದಪ್ಪ ಕಾಗದ, ಮೇಲೆ ಸಿಂಹಮುದ್ರೆ, ಮೂರು ಸಾಲಿನ ಟೈಪು: ಆಹ್ವಾನ ತಲುಪಿತು, ಬರಲಾಗುತ್ತಿಲ್ಲ, ವಧೂವರರಿಗೆ ಶುಭವಾಗಲಿ. ಕೆಳಗೆ ಸಹಿ. ಈ ಸಹಿಗಾಗಿ ಕಾಗದಕ್ಕೆ ಗಾಜು ಹಾಕಿಸಿ, ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ತೂಗುಹಾಕುತ್ತಿದ್ದರು. ಬಂದವರು ಅದನ್ನು ಓದಿ, ‘ಓಹೋ, ಇವರೂ ಬರಲಿಲ್ಲವೇ?’ ಎಂದು ಗೌರವದಿಂದ ತಲೆದೂಗುತ್ತಿದ್ದರು.

ಯಜಮಾನರ ಸಂಗ್ರಹದ ಮೊದಲ ಪತ್ರ ಅವರದೇ ಮದುವೆಗೆ ಬಂದದ್ದು. ಅದು ಗೋಡೆಯ ನಟ್ಟನಡುವೆ ಇತ್ತು. ಅದರ ಕಥೆಯನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದರು, ಪ್ರತಿ ಸಲವೂ ಮೊದಲ ಸಲದಂತೆ.

“ನಾನಿನ್ನೂ ಹಸೆಮಣೆ ಮೇಲೆ ಕೂತಿದೀನಿ ಕಣಯ್ಯ. ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಸಿ ಛತ್ರದೊಳಕ್ಕೇ ಬಂದ್ಬಿಟ್ಟ. ಡೆಲ್ಲಿ ಕವರು! ನಮ್ಮಪ್ಪ ಪುರೋಹಿತ್ರಿಗೆ, ‘ಸ್ವಲ್ಪ ನಿಲ್ಲಿಸ್ರೀ ಮಂತ್ರ’ ಅಂದ್ರು. ಕಾಗದ ಕೈಯಿಂದ ಕೈಗೆ ಹೋಯ್ತು. ಇಡೀ ಅಕ್ಕಿಪೇಟೆ ಅದನ್ನ ಮುಟ್ಟಿ ನೋಡ್ತು. ನನ್ನ ಮದುವೇಲಿ ನನ್ನ ಮುಖ ಒಬ್ರೂ ನೋಡ್ಲಿಲ್ಲ, ಗೊತ್ತಾ?”

“ಅಮ್ಮಾವ್ರ ಮುಖ ನೋಡಿರ್ಬೇಕಲ್ಲ ಯಜಮಾನ್ರೇ,” ಎಂದು ನಾನೊಮ್ಮೆ ವಿನಯದಿಂದ ಹೇಳಿದೆ.

“ಅವ್ಳೂ ಕಾಗದಾನೇ ನೋಡ್ತಿದ್ಲು,” ಎಂದರು.

ಈ ಅನುಭವದಿಂದ ಅವರೊಂದು ಸಿದ್ಧಾಂತವನ್ನು ರೂಪಿಸಿಕೊಂಡಿದ್ದರು. ಬಂದವನು ಊಟ ಮಾಡಿ, ಪಾಯಸ ತೆಳ್ಳಗಿತ್ತು ಎಂದು ಹೇಳಿಕೊಂಡು ಹೋಗುತ್ತಾನೆ. ಬಾರದವನು ಕಾಗದ ಕಳುಹಿಸುತ್ತಾನೆ. ಊಟ ಮರೆತುಹೋಗುತ್ತದೆ, ಕಾಗದ ಉಳಿಯುತ್ತದೆ. ಮನುಷ್ಯನ ದೊಡ್ಡತನವನ್ನು ಅವನು ಎಷ್ಟು ಕಡೆ ಹೋಗಿದ್ದಾನೆ ಎಂಬುದರಿಂದಲ್ಲ, ಎಷ್ಟು ಕಡೆ ಹೋಗಿಲ್ಲ ಎಂಬುದರಿಂದ ಅಳೆಯಬೇಕು. ಈ ಮಾತನ್ನು ಹೇಳುವಾಗ ಅವರು ಬಲಗೈಯ ತೋರುಬೆರಳನ್ನು ಗಾಳಿಯಲ್ಲಿ ಎತ್ತಿ, ಸಹಿ ಹಾಕುವ ಹಾಗೆ ಒಂದು ಸುತ್ತು ಸುತ್ತಿ, ಕೊನೆಗೆ ಒಂದು ಚುಕ್ಕೆ ಇಡುತ್ತಿದ್ದರು. ಆ ಚುಕ್ಕೆಯ ನಂತರ ಚರ್ಚೆಗೆ ಅವಕಾಶವಿರಲಿಲ್ಲ.

ಉಳಿದ ಪತ್ರಗಳನ್ನು ಅವರು ಊರಿನ ಹಳೆಯ ಮನೆಗಳಿಂದ ಸಂಪಾದಿಸಿದರು. ಅದಕ್ಕೊಂದು ಕ್ರಮವಿತ್ತು. ಮಲ್ಲೇಶ್ವರದಲ್ಲಿಯೋ ಬಸವನಗುಡಿಯಲ್ಲಿಯೋ ಹಿರಿಯರೊಬ್ಬರು ತೀರಿಕೊಂಡರೆ ಯಜಮಾನರು ಬಿಳಿ ಪಂಚೆಯುಟ್ಟು ಸಂತಾಪ ಸೂಚಿಸಲು ಹೋಗುತ್ತಿದ್ದರು. ಮದುವೆಗಳಿಗೆ ಹೋಗದ ಮನುಷ್ಯ ಸಾವಿನ ಮನೆಗಳಿಗೆ ತಪ್ಪದೆ ಹೋಗುತ್ತಿದ್ದುದನ್ನು ಜನ ವೈರಾಗ್ಯವೆಂದು ತಿಳಿದಿದ್ದರು. ನಾನೂ ತಿಳಿದಿದ್ದೆ. ಒಮ್ಮೆ ಸಂಪಿಗೆ ರಸ್ತೆಯ ಹಿಂದಿನ ಬೀದಿಯ ಮನೆಯೊಂದಕ್ಕೆ ಅವರೊಡನೆ ಹೋಗಿದ್ದಾಗ ಮಾತ್ರ ನನಗೆ ಅರ್ಥವಾಯಿತು. ಅವರು ಚಾಪೆಯ ಮೇಲೆ ಕುಳಿತು, ವಿಧವೆಯ ಕಡೆಗೆ ಮುಖ ಮಾಡಿ, ಗೋಡೆಯನ್ನು ನೋಡುತ್ತಿದ್ದರು.

“ತುಂಬಲಾರದ ನಷ್ಟ ಆಯ್ತಮ್ಮಾ,” ಎಂದರು. ಗೋಡೆಯಿಂದ ಕಣ್ಣು ತೆಗೆಯದೆ, “ಆ ಗೌರ್ನರ್ ಜನರಲ್‌ದು ಏನ್ ಮಾಡ್ಬೇಕು ಅಂತಿದೀರಿ?”

ಆಕೆ ಕಣ್ಣೊರೆಸಿಕೊಂಡು, “ಯಾವ ಗೌರ್ನರ್ರು?” ಎಂದರು.

“ಗಡಿಯಾರದ ಪಕ್ಕದ್ದು.”

ತಿಥಿ ಮುಗಿಯುವುದರೊಳಗೆ ಗೌರ್ನರ್ ಜನರಲ್ ಚಾಮರಾಜಪೇಟೆಗೆ ವರ್ಗವಾಗಿದ್ದರು.

ಬಂದ ಪತ್ರಗಳ ಹಳೆಯ ಚೌಕಟ್ಟುಗಳನ್ನು ತೆಗೆಸಿ, ಎಲ್ಲಕ್ಕೂ ಒಂದೇ ಬಗೆಯ ತೇಗದ ಚೌಕಟ್ಟು ಹಾಕಿಸುತ್ತಿದ್ದರು. ತೂಗುಹಾಕುವಾಗ ಪದವಿಯ ಅನುಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ರಾಷ್ಟ್ರಪತಿಗಳು ತೊಲೆಗೆ ಹತ್ತಿರ, ಪ್ರಧಾನಿ ಅದರ ಕೆಳಗೆ, ರಾಜ್ಯದವರು ಕಣ್ಣಿನ ಮಟ್ಟಕ್ಕೆ. ಪಕ್ಷ ಬದಲಾಯಿಸಿದವರನ್ನು ಊಟದ ಮನೆಗೆ ಕಳುಹಿಸಿದ್ದರು. ಅಲ್ಲಿ ಸ್ಥಳಾವಕಾಶದ ಕೊರತೆ ಬಹಳವಾಗಿತ್ತು. ಸ್ವಾತಂತ್ರ್ಯ ದಿನದಂದು ಪ್ರತಿಯೊಂದಕ್ಕೂ ಸೇವಂತಿಗೆ ಹಾರ. ಆ ದಿನ ಅವರ ಹೆಂಡತಿ ದೇವರಕೋಣೆಗೆ ಹೂ ಸಾಲದೆ ಪಕ್ಕದ ಮನೆಗೆ ಹೋಗಿ ತರುತ್ತಿದ್ದುದನ್ನು ನಾನು ಕಂಡಿದ್ದೇನೆ.

ಆ ಮನೆಗೆ ನನಗೆ ಪ್ರವೇಶ ದೊರೆತದ್ದು ಹೇಗೆಂಬುದನ್ನು ಈಗ ಹೇಳಬೇಕು. ನಾವು ಶ್ರೀರಾಂಪುರದವರು, ನಮ್ಮದು ಪರಿಶಿಷ್ಟ ಜಾತಿ. ನನ್ನ ತಾಯಿ ಯಜಮಾನರ ಮಂಡಿಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುವ ಹೆಂಗಸರಲ್ಲಿ ಒಬ್ಬರಾಗಿದ್ದರು. ಊರಿನ ಅರ್ಧ ಮದುವೆಗಳ ಅನ್ನದಲ್ಲಿ ಕಲ್ಲು ಸಿಗದಂತೆ ನೋಡಿಕೊಂಡವರು ಅವರು. ಆ ಮದುವೆಗಳಿಗೆ ಅವರನ್ನು ಯಾರೂ ಕರೆದಿರಲಿಲ್ಲವಾದ್ದರಿಂದ ವಿಷಾದಪತ್ರ ಬರೆಯುವ ಸಂದರ್ಭ ಅವರಿಗೆ ಬಂದಿರಲಿಲ್ಲ. ಹಬ್ಬದ ಇನಾಮಿಗೆಂದು ಅವರು ಚಾಮರಾಜಪೇಟೆಯ ಮನೆಗೆ ಹೋಗುತ್ತಿದ್ದುದುಂಟು, ಹಿತ್ತಲ ಬಾಗಿಲವರೆಗೆ.

ನಾನು ಪದವೀಧರನಾದೆ, ನಮ್ಮ ಮನೆತನದಲ್ಲಿ ಮೊದಲಿಗ. ತಾಯಿ ನನ್ನನ್ನು ಸಿಹಿಯ ಪೊಟ್ಟಣದೊಂದಿಗೆ ಮಂಡಿಗೆ ಕರೆದೊಯ್ದರು. ಯಜಮಾನರು ಸಿಹಿಯನ್ನು ಪಕ್ಕಕ್ಕಿಟ್ಟು, ಮೇಜಿನ ಮೇಲಿದ್ದ ಇಂಗ್ಲಿಷ್ ಪತ್ರವೊಂದನ್ನು ಮುಂದೆ ತಳ್ಳಿ, “ಓದು ನೋಡೋಣ,” ಎಂದರು. ಓದಿದೆ. ಒಂದೊಂದು ಪದವನ್ನೂ ಮೊದಲು ಮನಸ್ಸಿನಲ್ಲಿ ಉಚ್ಚರಿಸಿ, ತಪ್ಪಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಬಾಯಿಂದ ಬಿಟ್ಟೆ. ಮುಗಿಯುವುದು ತಡವಾಯಿತು, ಆದರೆ ಯಜಮಾನರಿಗೆ ಇಷ್ಟವಾಯಿತು.

“ನಿಧಾನಕ್ಕೆ ಓದ್ತಾನೆ. ಗವರ್ಮೆಂಟ್ ಗತ್ತು ಐತೆ ಇವನ್ ಬಾಯಲ್ಲಿ,” ಎಂದು ತಾಯಿಗೆ ಹೇಳಿದರು. “ಭಾನುವಾರ ಭಾನುವಾರ ಮನೆಗೆ ಕಳ್ಸು ಮುನಿಯಮ್ಮ.”

ಹೀಗೆ ನಾನು ಭಾನುವಾರದ ಬೆಳಗ್ಗೆ ಶ್ರೀರಾಂಪುರದಲ್ಲಿ ಮೆಟ್ರೊ ಹತ್ತಿ, ಮಾರುಕಟ್ಟೆಯಲ್ಲಿ ಇಳಿದು, ಚಾಮರಾಜಪೇಟೆಗೆ ನಡೆದುಹೋಗುವುದು ರೂಢಿಯಾಯಿತು. ಪತ್ರಗಳಿದ್ದುದು ನಡುಮನೆಯಲ್ಲಿ, ಅವನ್ನು ಓದಬೇಕಾದರೆ ನಡುಮನೆಗೆ ಹೋಗಲೇಬೇಕು. ತಾಯಿ ಎಂದೂ ದಾಟದ ಹೊಸ್ತಿಲನ್ನು ನಾನು ರಾಷ್ಟ್ರನಾಯಕರ ದಯೆಯಿಂದ ದಾಟಿದೆ. ಅಲ್ಲಿ ನನಗೆ ಕಾಫಿಯನ್ನೂ ಕೊಡುತ್ತಿದ್ದರು. ಮನೆಯವರಿಗೆ ಮತ್ತು ಇತರ ಅತಿಥಿಗಳಿಗೆ ಸ್ಟೀಲ್ ಲೋಟ, ನನಗೆ ಪೇಪರ್ ಕಪ್ಪು. ಹಿಂದಿನ ಕಾಲದಲ್ಲಿ ನಮ್ಮಂಥವರಿಗೆಂದು ಹಿತ್ತಲಲ್ಲಿ ಬೇರೆ ಲೋಟ ಇಡುತ್ತಿದ್ದರಂತೆ. ಅಂಥ ಹೀನ ಪದ್ಧತಿ ಆ ಮನೆಯಲ್ಲಿ ಉಳಿದಿರಲಿಲ್ಲ. “ಪೇಪರ್ ಕಪ್ಪು ಹೈಜೀನು ಕಣಯ್ಯ,” ಎಂದು ಯಜಮಾನರು ತಾವು ಸ್ಟೀಲ್ ಲೋಟದಲ್ಲಿ ಕುಡಿಯುತ್ತ ವಿವರಿಸಿದ್ದರು. ನನ್ನ ಆರೋಗ್ಯದ ಬಗ್ಗೆ ಅವರಿಗಿದ್ದ ಕಾಳಜಿಯನ್ನು ನಾನು ಮನೆಯಲ್ಲಿ ಹೇಳಿದಾಗ ತಾಯಿ ಒಲೆಯ ಕಡೆ ತಿರುಗಿದರು.

ನನ್ನ ಕೆಲಸ ಹಳೆಯ ಪತ್ರಗಳನ್ನು ಅತಿಥಿಗಳ ಮುಂದೆ ಓದಿ ಹೇಳುವುದಷ್ಟೇ ಆಗಿರಲಿಲ್ಲ. ಯಜಮಾನರು ಆ ವೇಳೆಗೆ ಸಂಗ್ರಾಹಕರ ಹಂತವನ್ನು ದಾಟಿದ್ದರು. ಅವರಿಗೂ ವಾರಕ್ಕೊಂದಷ್ಟು ಆಮಂತ್ರಣಗಳು ಬರುತ್ತಿದ್ದವು: ನೆಂಟರದು, ವ್ಯಾಪಾರಸ್ಥರದು, ಬಾಡಿಗೆದಾರರದು. ಯಾವುದಕ್ಕೂ ಹೋಗುತ್ತಿರಲಿಲ್ಲ. ತಮ್ಮ ಹೆಸರು ಉಬ್ಬಚ್ಚಾಗಿದ್ದ ದಪ್ಪ ಕಾಗದದ ಮೇಲೆ ಮೂರು ಸಾಲು ಬರೆಸಿ, ಸಹಿ ಹಾಕಿ ಕಳುಹಿಸುತ್ತಿದ್ದರು. ಆ ಮೂರು ಸಾಲುಗಳನ್ನು ರಚಿಸುವುದು ನನ್ನ ಹೊಣೆ. ‘ತಮ್ಮ ಆದರದ ಆಹ್ವಾನ ತಲುಪಿ ಸಂತೋಷವಾಯಿತು. ಪೂರ್ವನಿಗದಿತ ಕಾರ್ಯಕ್ರಮಗಳ ನಿಮಿತ್ತ ಖುದ್ದಾಗಿ ಭಾಗವಹಿಸಲು ಸಾಧ್ಯವಾಗುತ್ತಿಲ್ಲವೆಂದು ವಿಷಾದಿಸುತ್ತೇನೆ. ತಮ್ಮ ಶುಭಕಾರ್ಯ ಸಾಂಗವಾಗಿ ನೆರವೇರಲೆಂದು ಹಾರೈಸುತ್ತೇನೆ.’ ಪೂರ್ವನಿಗದಿತ ಕಾರ್ಯಕ್ರಮವೆಂದರೆ ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುವುದು, ನಡುವೆ ಒಮ್ಮೆ ಎದ್ದು ನಡುಮನೆಯ ಚೌಕಟ್ಟುಗಳು ಓರೆಯಾಗಿವೆಯೇ ಎಂದು ನೋಡಿಬರುವುದು. ತಮ್ಮ ಸ್ವಂತ ತಂಗಿಯ ಮೊಮ್ಮಗಳ ನಾಮಕರಣಕ್ಕೂ ಈ ಕಾರ್ಯಕ್ರಮವನ್ನು ಅವರು ಬದಲಾಯಿಸಲಿಲ್ಲ.

“ಯಜಮಾನ್ರೇ, ತಂಗಿಯವರಿಗೂ ‘ಖುದ್ದಾಗಿ ಭಾಗವಹಿಸಲು’ ಅಂತಾನೇ ಬರೀಲಾ?” ಎಂದು ಕೇಳಿದ್ದೆ.

“ಬರಿ. ತಂಗಿ ಅಂತ ಸಲಿಗೆ ಕೊಟ್ರೆ ನಾಳೆ ಬಾಗಿಲಿಗೇ ಬಂದು ಕರೀತಾಳೆ.”

ಕೆಲವು ವರ್ಷಗಳಲ್ಲಿ ನನಗೆ ಸರ್ಕಾರಿ ಕಚೇರಿಯೊಂದರಲ್ಲಿ ಸಹಾಯಕನ ಹುದ್ದೆ ದೊರೆಯಿತು. ಶ್ರೀರಾಂಪುರದಲ್ಲಿಯೇ, ನಾವು ಬಾಡಿಗೆಗಿದ್ದ ಬೀದಿಯ ಕೊನೆಯಲ್ಲಿ, ಮೊದಲ ಮಹಡಿಯ ಮೇಲೆ ಎರಡು ಕೋಣೆಯ ಸ್ವಂತ ಮನೆಯಾಯಿತು. ಗೃಹಪ್ರವೇಶದ ಆಮಂತ್ರಣವನ್ನು ನಾನು ತಾಯಿಯ ಹೆಸರಿನಲ್ಲಿ ಅಚ್ಚು ಹಾಕಿಸಿದೆ. ಅವರ ಹೆಸರು ಅಚ್ಚಾದದ್ದು ಅದೇ ಮೊದಲು. ಅವರು ಅದನ್ನು ಓದಲಾರರು. ಹೆಸರು ಯಾವ ಸಾಲಿನಲ್ಲಿದೆಯೆಂದು ಕೇಳಿ, ಆ ಸಾಲಿನ ಮೇಲೆ ಬೆರಳಾಡಿಸಿದರು. ಆಮೇಲೆ ಒಂದೇ ಒಂದು ಆಸೆಯನ್ನು ಹೇಳಿಕೊಂಡರು.

“ಯಜಮಾನ್ರು ಬರ್ಬೇಕು ಕಣಪ್ಪಾ. ಊಟ ಬ್ಯಾಡ ಅಂದ್ರೂ ಬ್ಯಾಡ. ನನ್ನ ಮನೇಲಿ ಕುರ್ಚಿ ಮೇಲೆ ಕೂತು ಒಂದ್ ಲೋಟ ಕಾಫಿ ಕುಡುದ್ರೆ ಸಾಕು. ಇಷ್ಟು ವರ್ಸ ಅವ್ರ ಅಕ್ಕಿ ಕೇರಿವ್ನಿ.”

“ಅವ್ರು ಎಲ್ಲೂ ಹೋಗಲ್ಲಮ್ಮ.”

“ಬ್ಯಾರೆಯವ್ರ ಮನೆಗೆ ಹೋಗಲ್ಲ. ನೀನು ವಾರ ವಾರ ಅವ್ರ ಜೊತೆ ಕೂತ್ಕಂಡು ಬರಿಯಲ್ವಾ? ನೀನು ಕರುದ್ರೆ ಬತ್ತಾರೆ.”

ಇದನ್ನು ಅವರು ಬೀದಿಯಲ್ಲೆಲ್ಲ ಹೇಳಿಯೂ ಬಿಟ್ಟರು. ನಾನು ಆಮಂತ್ರಣವನ್ನು ಹಣ್ಣಿನ ತಟ್ಟೆಯಲ್ಲಿಟ್ಟು ಯಜಮಾನರ ಕೈಗೆ ಕೊಟ್ಟೆ. “ಭೇಷ್! ಸ್ವಂತ ಮನೆ!” ಎಂದು ಅವರು ನಿಜವಾಗಿಯೂ ಸಂತೋಷಪಟ್ಟರು. ಸಂತೋಷಪಡುವುದರಲ್ಲಿ ಅವರು ಎಂದೂ ಕೊರತೆ ಮಾಡಿದವರಲ್ಲ.

ಮುಂದಿನ ಭಾನುವಾರ ನಾನು ಹೋದಾಗ ಉತ್ತರ ಬರೆಯಬೇಕಾದ ಆಮಂತ್ರಣಗಳು ಮೇಜಿನ ಮೇಲೆ ಎಂದಿನಂತೆ ಜೋಡಿಸಿಟ್ಟಿದ್ದವು. ಒಂದು ಮದುವೆ, ಒಂದು ಷಷ್ಟ್ಯಬ್ದಿ, ಒಂದು ಅಂಗಡಿಯ ಪ್ರಾರಂಭೋತ್ಸವ. ಎಲ್ಲಕ್ಕಿಂತ ಕೆಳಗೆ, ಅರಿಸಿನ ಹಚ್ಚಿದ ಅಂಚಿನ, ನನಗೆ ಬಹಳ ಪರಿಚಿತವಾದ ಒಂದು ಕಾರ್ಡು.

“ನಿಂದೂ ಒಂದೈತೆ ನೋಡು,” ಎಂದರು ಯಜಮಾನರು. “ಒಳ್ಳೆ ಭಾಷೇಲಿ ಬರಿ. ಮಾಮೂಲಿ ಮೂರು ಸಾಲು ಬೇಡ, ನಮ್ಮ ಮುನಿಯಮ್ಮಂದು ಅದು.”

“ಯಜಮಾನ್ರೇ, ಅಮ್ಮ ನೀವು ಬರ್ತೀರ ಅಂತ ತುಂಬಾ...”

“ಬರ್ಬಹುದಿತ್ತು ಕಣಯ್ಯ. ನಂಗೇನು, ಕಾರಿದೆ, ಡ್ರೈವರಿದಾನೆ. ಆದ್ರೆ ಒಬ್ರ ಮನೆಗೆ ಹೋದ್ರೆ ಎಲ್ರ ಮನೆಗೂ ಹೋಗ್ಬೇಕಾಗುತ್ತೆ. ಅಲ್ಲಿ ಒಂದ್ ಲೋಟ ಅದು ಕುಡೀರಿ ಅಂತಾರೆ, ಇದು ತಿನ್ನಿ ಅಂತಾರೆ. ಬೇಡ ಅಂದ್ರೆ ನೋವು. ನೋವು ಮಾಡೋದ್ಯಾಕೆ?” ತೋರುಬೆರಳು ಗಾಳಿಯಲ್ಲಿ ಎದ್ದು, ಸುತ್ತಿ, ಚುಕ್ಕೆ ಇಟ್ಟಿತು.

ಪರರಿಗೆ ನೋವಾಗದಂತೆ ನಡೆದುಕೊಳ್ಳುವ ಈ ಸೂಕ್ಷ್ಮತೆಯನ್ನು ನಾನು ಮೆಚ್ಚಿಕೊಳ್ಳುವಷ್ಟರಲ್ಲಿ ಅವರು ಕಾಗದವನ್ನು ನನ್ನ ಮುಂದೆ ಸರಿಸಿದ್ದರು. ನಾನು ಬರೆದೆ. ನಮ್ಮ ಮನೆಗೆ ಬರಲಾಗದಿರುವುದಕ್ಕೆ ಯಜಮಾನರಿಗೆ ಆಗಿರುವ ವಿಷಾದವನ್ನು ನಾನೇ ಯೋಚಿಸಿ, ನಾನೇ ಪದಗಳನ್ನು ಆರಿಸಿ, ಅವರ ಪರವಾಗಿ ನನ್ನ ತಾಯಿಗೆ ವಿವರಿಸಿದೆ. ‘ಹಲವು ವರ್ಷಗಳ ತಮ್ಮ ನಿಷ್ಠೆಯ ಸೇವೆಯನ್ನು ಈ ಶುಭಸಂದರ್ಭದಲ್ಲಿ ಹೃತ್ಪೂರ್ವಕವಾಗಿ ಸ್ಮರಿಸುತ್ತೇನೆ’ ಎಂಬ ವಾಕ್ಯ ನನ್ನದೇ. ಅಲ್ಲಿಯವರೆಗೆ ನಾನು ಬರೆದ ವಿಷಾದಪತ್ರಗಳಲ್ಲೆಲ್ಲ ಅತ್ಯುತ್ತಮವಾದದ್ದು ಅದೆಂದು ಈಗಲೂ ಅನ್ನಿಸುತ್ತದೆ. ಬರಲಾರದವರ ಮನಸ್ಸನ್ನು ಅಷ್ಟು ಸುಂದರವಾಗಿ ತೋರಿಸುವುದು ಸುಲಭವಲ್ಲ.

ಯಜಮಾನರು ಕನ್ನಡಕವೇರಿಸಿ ಓದಿದರು. ಮೊದಲ ಸಾಲಿನಲ್ಲಿಯೇ ಬೆರಳು ನಿಂತಿತು.

“‘ಶ್ರೀಮತಿ ಮುನಿಯಮ್ಮನವರಿಗೆ’. ಶ್ರೀಮತಿ ಯಾಕಯ್ಯ?”

“ಇನ್ವಿಟೇಶನ್ ಅವ್ರ ಹೆಸ್ರಲ್ಲಿದೆ ಯಜಮಾನ್ರೇ. ಪ್ರೋಟೋಕಾಲು.”

ಪ್ರೋಟೋಕಾಲು ಎಂಬ ಪದದ ಮುಂದೆ ಅವರು ಸದಾ ತಲೆಬಾಗುತ್ತಿದ್ದರು. “ಹಾಗಾದ್ರೆ ಇರ್ಲಿ,” ಎಂದು ಸಹಿ ಹಾಕಿದರು. ಆಮೇಲೆ ಬಹಳ ದೊಡ್ಡ ಮನಸ್ಸು ಮಾಡಿದವರಂತೆ, “ಇದಕ್ಕೆ ಫ್ರೇಮ್ ಹಾಕ್ಸಿ ಕಳಿಸ್ತೀನಿ. ಯಾರಿಗೂ ಹಾಕ್ಸಿ ಕಳ್ಸಿಲ್ಲ ನಾನು,” ಎಂದರು.

ಗೃಹಪ್ರವೇಶದ ದಿನ ತಾಯಿ ಬಾಗಿಲಿಗೆ ಎದುರಾಗಿ ಒಂದು ಕುರ್ಚಿಯಿಟ್ಟು, ಅದರ ಮೇಲೆ ಹೊಸ ಟವೆಲ್ ಹಾಸಿದ್ದರು. ಅದರಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ಪಾತ್ರೆಯಂಗಡಿಯಿಂದ ತಂದ ಹೊಸ ಲೋಟವೊಂದು ಅಡುಗೆಮನೆಯ ಕಟ್ಟೆಯ ಮೇಲೆ ಕವುಚಿಟ್ಟಿತ್ತು. ಪತ್ರದ ವಿಷಯವನ್ನು ನಾನು ಮೊದಲೇ ತಿಳಿಸಿದ್ದೆ, ಅವರು ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಳ್ಳಬಾರದೆಂದು ನಿಶ್ಚಯಿಸಿದವರಿಗೆ ಎಷ್ಟು ಸ್ಪಷ್ಟವಾಗಿ ಹೇಳಿದರೂ ಪ್ರಯೋಜನವಿಲ್ಲ.

ಪಕ್ಕದ ಮನೆಯ ಅಕ್ಕ ಮೊದಲ ಪಂಕ್ತಿ ಎದ್ದ ಮೇಲೆ ಕೇಳಿಯೇ ಬಿಟ್ಟರು: “ಎಲ್ಲವ್ವಾ ಮುನಿಯಮ್ಮ, ನಿಮ್ ಯಜಮಾನ್ರು? ಕುರ್ಚಿ ಒಬ್ಬಂಟಿಯಾಗೈತಲ್ಲ?”

“ಬತ್ತಾರೆ ಇರು. ದೊಡ್ಡೋರು ತಡವಾಗೇ ಬರಾದು.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಜಮಾನರ ಡ್ರೈವರ್ ಕಾಣಿಸಿಕೊಂಡ. ತಾಯಿ ಸೆರಗು ಸರಿಪಡಿಸಿಕೊಂಡು ಅವನ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಅವನ ಕೈಯಲ್ಲಿ ಪತ್ರಿಕೆ ಸುತ್ತಿದ ಅಗಲವಾದ ವಸ್ತುವಿತ್ತು. ಅವನು ಅದನ್ನು ಟವೆಲ್ ಹಾಸಿದ ಕುರ್ಚಿಯ ಮೇಲೆಯೇ ಇಟ್ಟ.

“ದೇವ್ರ ಪಟವೇನೋ?” ಎಂದು ತಾಯಿ ಸುತ್ತಿದ್ದ ಕಾಗದ ಬಿಚ್ಚಿದರು. ಗಾಜಿನಲ್ಲಿ ಅವರ ಮುಖವೇ ಕಾಣಿಸಿತು. “ಏನ್ ಬರ್ದದಪ್ಪಾ ಇದ್ರಲ್ಲಿ?”

ಬೀದಿಯ ಜನ ನಿಂತಿದ್ದರು. ನಾನು ನನ್ನದೇ ವಾಕ್ಯಗಳನ್ನು, ಒಂದನ್ನೂ ಬಿಡದೆ, ಸ್ಪಷ್ಟವಾಗಿ ಓದಿದೆ. ‘ಹೃತ್ಪೂರ್ವಕವಾಗಿ ಸ್ಮರಿಸುತ್ತೇನೆ’ ಎಂಬಲ್ಲಿ ಒಬ್ಬಿಬ್ಬರು ತಲೆದೂಗಿದರು.

ತಾಯಿ ಪೂರ್ತಿ ಕೇಳಿ, “ಬರಲ್ಲ ಅಂತಾನಾ?” ಎಂದರು.

“ಹೂಂ.”

“ಬರಲ್ಲ ಅನ್ನಾದಕ್ಕೆ ಗಾಜು ಹಾಕ್ಸವ್ರಾ?”

ಪಕ್ಕದ ಮನೆಯ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ತಾಯಿ ಚೌಕಟ್ಟನ್ನು ತೆಗೆದು ಗೋಡೆಗೆ ಒರಗಿಸಿದರು. ಆ ಕುರ್ಚಿಯಲ್ಲಿ ಡ್ರೈವರನ್ನು ಕೂರಿಸಿ, ಊಟ ಬಡಿಸಿದರು. ಹೊಸ ಲೋಟ ಕವುಚಿಟ್ಟ ಹಾಗೆಯೇ ಉಳಿಯಿತು.

ಮರುದಿನ ಅವರು ಚೌಕಟ್ಟಿನ ಹಿಂಬದಿಯ ಮೊಳೆಗಳನ್ನು ತೆಗೆದು, ಪತ್ರದ ಮುಂದೆ, ಎಂದೋ ತೀರಿಕೊಂಡಿದ್ದ ನನ್ನ ತಂದೆಯ ಭಾವಚಿತ್ರವನ್ನು ಸೇರಿಸಿ, ಮತ್ತೆ ಮುಚ್ಚಿದರು. “ಗಾಜು ಚೆನ್ನಾಗೈತೆ. ಸುಮ್ನೆ ಯಾಕೆ ಹಾಳು ಮಾಡಾದು?” ಎಂದರು. ಯಜಮಾನರು ಪತ್ರವನ್ನು ಎಲ್ಲಿ ತೂಗುಹಾಕಿದ್ದೀರೆಂದು ವಿಚಾರಿಸಿದಾಗ, ನಡುಮನೆಯಲ್ಲಿ, ಎದುರಿಗೇ, ದಿನವೂ ದೀಪ ಹಚ್ಚುತ್ತೇವೆ ಎಂದು ಹೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಕಣ್ಣು ತೇವಗೊಂಡದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಅನಂತರ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಭಾನುವಾರಗಳು ತಾವಾಗಿಯೇ ನಿಂತವು. ನಾನು ಮರಳಿ ಬೆಂಗಳೂರಿಗೆ ಬಂದ ಕೆಲವೇ ತಿಂಗಳುಗಳಲ್ಲಿ ಯಜಮಾನರು ತೀರಿಕೊಂಡರು. ಅಂತಿಮ ದರ್ಶನಕ್ಕೆ ಜನ ಬಹಳ ಸೇರಿದ್ದರು. ಅವರು ಯಾರ ಯಾರ ಮದುವೆಗೆ ಹೋಗಿರಲಿಲ್ಲವೋ ಅವರೆಲ್ಲ ಬಂದಿದ್ದರು; ನಾಮಕರಣವಾದ ಆ ಮಗುವಿನ ಅಜ್ಜಿಯೂ ಬಂದು ಬಹಳ ಅತ್ತರು.

ಕೆಲವು ತಿಂಗಳ ಮೇಲೆ ಅವರ ಮಗನ ದೂರವಾಣಿ ಕರೆ ಬಂತು. ವರ್ತಕರ ಸಂಘದವರು ಚಾಮರಾಜಪೇಟೆಯ ತಮ್ಮ ಸಭಾಂಗಣದಲ್ಲಿ ತಂದೆಯ ಹೆಸರಿನಲ್ಲಿ ಒಂದು ಕೊಠಡಿ ಕೊಟ್ಟಿದ್ದಾರೆ, ಎಲ್ಲ ಪತ್ರಗಳನ್ನೂ ಅಲ್ಲಿ ತೂಗುಹಾಕುತ್ತಿದ್ದೇವೆ, ನಾಯಕರ ಸಾಲಿನ ಕೊನೆಯಲ್ಲಿ ತಂದೆಯ ಸಹಿ ಇರುವ ಒಂದು ಪತ್ರವೂ ಇರಬೇಕೆಂದು ಸಂಘದವರ ಅಪೇಕ್ಷೆ, ಎಂದರು.

“ಅಪ್ಪ ಅಷ್ಟೊಂದು ಲೆಟರ್ ಬರ್ದಿದ್ರಲ್ಲ ಸರ್, ಒಬ್ರೂ ಇಟ್ಕೊಂಡಿಲ್ಲ. ಅತ್ತೇನ ಕೇಳ್ದೆ. ಮಗು ಅದ್ರಲ್ಲಿ ರಾಕೆಟ್ ಮಾಡಿ ಹಾರಿಸ್ಬಿಡ್ತಂತೆ. ನಿಮ್ಮನೇಲಿ ಒಂದಿದೆ ಅಂತ ಡ್ರೈವರ್ ಅಂದ. ನಾನೇ ಬಂದು ತಗೊಂಡ್ಹೋಗ್ಲಾ?”

ಮುಂದಿನ ಭಾನುವಾರ ಅವರು ಬಂದರು. ಸೌಮ್ಯ ಮನುಷ್ಯ, ನನ್ನಷ್ಟೇ ವಯಸ್ಸು. ತಾಯಿ ಕುರ್ಚಿಗೆ ಟವೆಲ್ ಹಾಸಿರಲಿಲ್ಲ. “ಕೂತ್ಕಳಪ್ಪಾ,” ಎಂದರು. ಅವರು ಅಂಚಿನಲ್ಲಿ ಕುಳಿತು, ಗೋಡೆಯ ಮೇಲೆಲ್ಲ ಕಣ್ಣಾಡಿಸಿದರು. ಬುದ್ಧನ ಪಟವಿತ್ತು, ಕ್ಯಾಲೆಂಡರ್ ಇತ್ತು, ತೇಗದ ಚೌಕಟ್ಟಿನಲ್ಲಿ ನನ್ನ ತಂದೆ ಇದ್ದರು.

“ಲೆಟರ್ ಎಲ್ಲಿದೆಯಮ್ಮಾ?”

“ಐತೆ. ಕಾಫಿ ಕುಡಿ, ತೆಗುದ್ಕೊಡ್ತೀನಿ.”

“ಅಯ್ಯೋ, ಈಗಷ್ಟೇ ಆಯ್ತಮ್ಮಾ.”

“ಕಾಗದ ಬಾಳಾ ಒಳಗೈತೆ ಕಣಪ್ಪಾ. ತೆಗಿಯಾದು ತಡ ಆಯ್ತದೆ. ಅಷ್ಟೊತ್ತು ಸುಮ್ನೆ ಕೂತಿರ್ತೀಯಾ?”

ಅವರು ಗಡಿಯಾರ ನೋಡಿಕೊಂಡರು. ನನ್ನನ್ನು ನೋಡಿದರು. ಸರಿಯಾದ ಮಾತನ್ನು ಹುಡುಕುವವರ ಮುಖ ನನಗೆ ಚೆನ್ನಾಗಿ ಪರಿಚಿತ. ಕನ್ನಡಿಯಲ್ಲಿ ಬಹಳ ನೋಡಿದ್ದೇನೆ.

“ಸ್ವಲ್ಪ ಸಾಕಮ್ಮ,” ಎಂದರು ಕೊನೆಗೆ. “ಪೇಪರ್ ಕಪ್ ಇದ್ರೆ ಅದ್ರಲ್ಲೇ...”

“ಪೇಪರ್ ಕಪ್ಪು ಇಡಲ್ಲ ನಮ್ಮನೇಲಿ. ತೊಳಿಯಾ ಲೋಟ.”

ತಾಯಿ ಒಳಗೆ ಹೋಗಿ, ಕವುಚಿಟ್ಟ ಲೋಟವನ್ನು ಎತ್ತಿದರು. ಇಷ್ಟು ವರ್ಷ ಅದರಲ್ಲಿ ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ. ತೊಳೆದು, ಕಾಫಿ ತುಂಬಿ, ತಂದು ಅವರ ಕೈಗೇ ಕೊಟ್ಟು, ಎದುರಿಗೆ ನೆಲದ ಮೇಲೆ ಅಲ್ಲ, ಇನ್ನೊಂದು ಕುರ್ಚಿಯ ಮೇಲೆ ಕುಳಿತರು. ಯಜಮಾನರ ಮಗ ಮೊದಲ ಗುಟುಕನ್ನು ಔಷಧಿಯಂತೆ ಕುಡಿದರು. ಎರಡನೆಯದನ್ನು ಕಾಫಿಯಂತೆ ಕುಡಿದರು. ಲೋಟ ಖಾಲಿಯಾಗುವವರೆಗೆ ತಾಯಿ ಚೌಕಟ್ಟನ್ನು ಮುಟ್ಟಲಿಲ್ಲ. ಆಮೇಲೆ ತಂದೆಯ ಭಾವಚಿತ್ರವನ್ನು ಸರಿಸಿ, ಹಿಂದಿದ್ದ ಪತ್ರವನ್ನು ಎಳೆದು ಕೊಟ್ಟರು. ದೀಪದ ಹೊಗೆಯಾಗಲಿ ಬಿಸಿಲಾಗಲಿ ತಾಗದೆ ಹಿಂದೆ ಅಡಗಿದ್ದುದರಿಂದ ಸಹಿ ಹೊಚ್ಚಹೊಸದಾಗಿಯೇ ಇತ್ತು. ಚೌಕಟ್ಟನ್ನು ಕೊಡಲಿಲ್ಲ. “ಇದ್ರಲ್ಲಿ ನಮ್ಮ ಯಜಮಾನ್ರವ್ರೆ,” ಎಂದರು.

ಕೊಠಡಿಯ ಉದ್ಘಾಟನೆಗೆ ನಮಗೂ ಆಹ್ವಾನ ಬಂತು. ಹೋಗೋಣವೇ ಎಂದು ಕೇಳಿದಾಗ, “ಕರುದವ್ರಲ್ಲ, ಹೋಗದೆ ಇರಾಕಾಯ್ತದಾ?” ಎಂದು ತಾಯಿ ರೇಷ್ಮೆ ಸೀರೆ ತೆಗೆದರು. ಸಭಾಂಗಣದಲ್ಲಿ ಎಲ್ಲ ಅತಿಥಿಗಳಿಗೂ ಪೇಪರ್ ಕಪ್ಪಿನಲ್ಲಿಯೇ ಕಾಫಿ ಕೊಟ್ಟರು. ಸಮಾನತೆ ಬರುವುದು ತಡವಾದರೂ ಬರುತ್ತದೆ. ಮಾಜಿ ಸಚಿವರೊಬ್ಬರು ಉದ್ಘಾಟಿಸಬೇಕಾಗಿತ್ತು. ಪೂರ್ವನಿಗದಿತ ಕಾರ್ಯಕ್ರಮಗಳ ನಿಮಿತ್ತ ಅವರು ಸಂದೇಶ ಕಳುಹಿಸಿದ್ದರು. ಸಂಘದ ಅಧ್ಯಕ್ಷರು ಅದನ್ನು ಭಕ್ತಿಯಿಂದ ಓದಿ, ಮುಂದುವರಿದು ಯಜಮಾನರ ಗುಣಗಾನ ಮಾಡಿದರು. ರಾಷ್ಟ್ರನಾಯಕರ ಸಹವಾಸದಲ್ಲಿದ್ದೂ ಅವರು ಶ್ರೀಸಾಮಾನ್ಯರನ್ನು ಮರೆತವರಲ್ಲ. ತಮ್ಮ ಮಂಡಿಯ ಕೂಲಿ ಹೆಂಗಸಿಗೆ ‘ಶ್ರೀಮತಿ’ ಎಂದು ಸಂಬೋಧಿಸಿ ಬರೆದ ಪತ್ರವನ್ನು ಕೊನೆಯಲ್ಲಿ ನೋಡಬಹುದು. ಎಂಥ ಸಂಸ್ಕಾರ, ಎಂಥ ಭಾಷೆ! ಜನ ಚಪ್ಪಾಳೆ ತಟ್ಟಿದರು. ನನ್ನ ಬರಹಕ್ಕೆ ಅಷ್ಟು ದೊಡ್ಡ ಚಪ್ಪಾಳೆ ಹಿಂದೆಯೂ ಬಂದಿಲ್ಲ, ಮುಂದೆಯೂ ಬರಲಾರದು.

ಭಾಷಣ ಮುಗಿದ ಮೇಲೆ ತಾಯಿ ಗೋಡೆಯ ಮೊದಲ ತುದಿಯಿಂದ ನಡೆಯತೊಡಗಿದರು. ಪ್ರತಿ ಚೌಕಟ್ಟಿನ ಮುಂದೆ ನಿಂತರು.

“ಇವ್ರು ಯಾರು?”

“ರಾಷ್ಟ್ರಪತಿ.”

“ಏನಂತೆ?”

“ಬರಲಾಗುತ್ತಿಲ್ಲವಂತೆ.”

“ಇವ್ರು?”

“ಇವ್ರೂ ಬರ್ಲಿಲ್ಲ.”

ಹೀಗೆ ಸಾಲಿನ ಕೊನೆ ಮುಟ್ಟಿದೆವು. ಹೊಸ ತೇಗದ ಚೌಕಟ್ಟು, ಅದರ ಮೇಲೆ ಪುಟ್ಟ ದೀಪ, ಕೆಳಗೆ ಹೂವು. ನಾಲ್ಕಾರು ಜನ ಮುಂದೆ ನಿಂತು ಓದುತ್ತಿದ್ದರು. ಯಜಮಾನರ ಮಗ ಸ್ವಲ್ಪ ದೂರದಲ್ಲಿ ನಿಂತು ನಮ್ಮನ್ನು ನೋಡಿ ಕೈಮುಗಿದರು.

“ಇದು ನಮ್ದಾ?” ಎಂದು ತಾಯಿ ಕೇಳಿದರು.

“ಹೂಂ. ನಮ್ಮದು.”

ತಾಯಿ ಆ ಪತ್ರವನ್ನು ಬಹಳ ಹೊತ್ತು ನೋಡಿದರು. ಓದಲು ಬರುವವರಿಗಿಂತ ಹೆಚ್ಚು ಹೊತ್ತು. ಆಮೇಲೆ ಸುತ್ತ ನಿಂತಿದ್ದವರಿಗೆ ಕೇಳದಂತೆ, ನಿಜವಾದ ಮರುಕದಿಂದ, ನನ್ನ ಕಡೆ ಬಾಗಿ ಹೇಳಿದರು:

“ನಮ್ಮನೆಗೆ ಬರ್ಲಿಲ್ಲ ಅನ್ನಾದು ನಮ್ಮ ಬೀದಿಗೆ ಮಾತ್ರ ಗೊತ್ತಿತ್ತು ಕಣಪ್ಪಾ. ಈಗ ಅವ್ರೇ ದೀಪ ಹಾಕಿ ಊರಿಗೆಲ್ಲ ತೋರುಸ್ಕಂಡವ್ರಲ್ಲ, ಪಾಪ.”